ಯಾರ ತಪ್ಪೂ ಅಲ್ಲದ ನೋವು

ಎಳೆ ಮಗುವಿಗೆ ವಾಸಿಯಾಗದ ಕಾಯಿಲೆ ಬಂದರೆ, ಕೈಗೆ ಬಂದ ಬೆಳೆ ಒಂದೇ ರಾತ್ರಿಯ ನೆರೆಗೆ ಕೊಚ್ಚಿಹೋದರೆ, ಮದುವೆಯಾದ ವರ್ಷವೇ ಮನೆಯಲ್ಲೊಂದು ಸಾವಾದರೆ, ನಮ್ಮ ನಾಲಗೆ ತಾನಾಗಿಯೇ ಒಬ್ಬ ತಪ್ಪಿತಸ್ಥನನ್ನು ಹುಡುಕಲು ಹೊರಡುತ್ತದೆ. ಯಾವ ಜನ್ಮದ ಪಾಪವೋ, ಯಾರ ಕಣ್ಣು ತಾಗಿತೋ, ಯಾವ ಹರಕೆ ಬಾಕಿ ಉಳಿದಿತ್ತೋ, ಹೊಸದಾಗಿ ಬಂದ ಸೊಸೆಯ ಕಾಲ್ಗುಣ ಎಂಥದೋ ಎನ್ನುತ್ತೇವೆ. ಈ ಮಾತುಗಳು ಎಷ್ಟು ಬಳಕೆಯಲ್ಲಿವೆ ಎಂದರೆ ಅವುಗಳೊಳಗೆ ಒಂದು ಇಡೀ ತತ್ವಶಾಸ್ತ್ರ ಕುಳಿತಿದೆ ಎಂಬುದು ಹೇಳುವವರಿಗೂ ಕೇಳುವವರಿಗೂ ಹೊಳೆಯುವುದಿಲ್ಲ. ನೋವು ಎಂಬುದಿದ್ದರೆ ಅದಕ್ಕೆ ಕಾರಣನಾದ ಯಾರೋ ಒಬ್ಬರು ಇರಲೇಬೇಕು, ಅವರು ಈ ಜನ್ಮದವರಾಗಲಿ ಹಿಂದಿನ ಜನ್ಮದ ನಾವೇ ಆಗಲಿ, ಲೆಕ್ಕ ಎಲ್ಲೋ ಒಂದು ಕಡೆ ತಾಳೆಯಾಗಲೇಬೇಕು ಎಂಬುದು ಆ ತತ್ವ. ಇದು ನಿಜವೇ? ನಿಜವಲ್ಲದಿದ್ದರೆ ಧರ್ಮವೂ ನೀತಿಯೂ ನೆಲೆ ಕಳೆದುಕೊಳ್ಳುತ್ತವೆಯೇ? ಈ ಪ್ರಶ್ನೆಯನ್ನು ಜಪಾನಿನ ಒಂದು ಅನಿಮೇಷನ್ ಸರಣಿ ಎತ್ತಿಕೊಂಡಿರುವ ರೀತಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಸರಣಿಯ ಹೆಸರು ‘ಮುಶಿಶಿ’. ಅದರ ನಾಯಕ ಗಿಂಕೊ ಎಂಬ ಅಲೆಮಾರಿ. ಅವನ ಅಲೆದಾಟದಿಂದ ನಾವು ಕಲಿಯಬಹುದಾದುದು ಹಲವಿರಬಹುದು. ನಾನಿಲ್ಲಿ ವಾದಿಸುವುದು ಒಂದನ್ನೇ: ನೋವಿಗೆ ತಪ್ಪಿತಸ್ಥನನ್ನು ಹುಡುಕುವುದನ್ನು ಬಿಟ್ಟಾಗಲೇ ನೋವಿನ ಬಗೆಗಿನ ಹೊಣೆ ನಮ್ಮ ಕೈಗೆ ಬರುತ್ತದೆ.

‘ಮುಶಿಶಿ’ಯನ್ನು ಯುಕಿ ಉರುಶಿಬಾರಾ ಎಂಬ ಲೇಖಕಿ 1999ರಲ್ಲಿ ಕಾಮಿಕ್ಸ್ ಆಗಿ ಬರೆಯತೊಡಗಿ 2008ರಲ್ಲಿ ಮುಗಿಸಿದರು, ಒಟ್ಟು 10 ಸಂಪುಟ. 2005ರಲ್ಲಿ ಹಿರೋಶಿ ನಾಗಹಾಮಾ ನಿರ್ದೇಶನದಲ್ಲಿ ಆರ್ಟ್‌ಲ್ಯಾಂಡ್ ಸ್ಟುಡಿಯೊ ಅದನ್ನು 26 ಕಂತುಗಳ ಸರಣಿಯಾಗಿ ತೆರೆಗೆ ತಂದಿತು. 2014ರಲ್ಲಿ ಎರಡನೆಯ ಸರಣಿ ಬಂತು. ಕಥೆ ನಡೆಯುವುದು ಎಡೊ ಮತ್ತು ಮೇಜಿ ಯುಗಗಳ ನಡುವೆ ಎಲ್ಲೋ ಇದ್ದಿರಬಹುದಾದ ಕಲ್ಪನೆಯ ಜಪಾನಿನಲ್ಲಿ. ಹಳ್ಳಿಗರೆಲ್ಲ ಕಿಮೊನೊ ಉಟ್ಟಿರುತ್ತಾರೆ, ಗಿಂಕೊ ಒಬ್ಬನೇ ಶರ್ಟು ಕೋಟು ತೊಟ್ಟು ಬೆನ್ನಿಗೆ ಖಾನೆಗಳ ಮರದ ಪೆಟ್ಟಿಗೆ ಹೊತ್ತು ನಡೆಯುತ್ತಾನೆ. ಬಿಳಿ ಕೂದಲು, ಹಸಿರು ಬಣ್ಣದ ಒಂದೇ ಕಣ್ಣು, ಬಾಯಲ್ಲಿ ಸದಾ ಹೊಗೆ. ಹೊಗೆ ಚಟಕ್ಕಲ್ಲ, ಮುಶಿಗಳನ್ನು ದೂರ ಇಡಲು. ಮುಶಿ ಎಂದರೆ ಪ್ರಾಣಿಯೂ ಅಲ್ಲದ ಸಸ್ಯವೂ ಅಲ್ಲದ, ಹೆಚ್ಚಿನವರ ಕಣ್ಣಿಗೆ ಕಾಣದ, ಜೀವದ ಮೂಲಕ್ಕೆ ತೀರ ಹತ್ತಿರವಿರುವ ಇರವುಗಳು. ಅವು ಮನುಷ್ಯರ ಕಿವಿ, ಕಣ್ಣು, ಕನಸು, ಹೊಲ ಎಲ್ಲೆಂದರಲ್ಲಿ ನೆಲೆಸಿ ವಿಚಿತ್ರ ಬಾಧೆಗಳನ್ನು ತರುತ್ತವೆ. ಅಂಥ ಬಾಧೆಗಳನ್ನು ನೋಡಿ, ತಿಳಿದು, ಸಾಧ್ಯವಾದರೆ ಗುಣಪಡಿಸುವುದು ಗಿಂಕೊನ ಕಸುಬು. ಕಟ್ಟುಕಥೆಯಿಂದ ತತ್ವವನ್ನು ಸಾಧಿಸಲಾಗದು ಎಂದು ಯಾರಾದರೂ ಹೇಳಬಹುದು. ಒಪ್ಪುತ್ತೇನೆ. ಆದರೆ ಕಥೆ ಒಂದು ಕೆಲಸ ಮಾಡಬಲ್ಲದು. ‘ಯಾರೂ ತಪ್ಪು ಮಾಡದ ಲೋಕದಲ್ಲಿ ನೋವು ಹೇಗಿರುತ್ತದೆ’ ಎಂಬುದನ್ನು ಕಣ್ಣಮುಂದೆ ಇಟ್ಟು, ಅಂಥ ಲೋಕದಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳಬೇಕಾದೀತು ಎಂದು ಪರೀಕ್ಷಿಸಬಲ್ಲದು. ಯಮನ ಮನೆಬಾಗಿಲಲ್ಲಿ ಕುಳಿತ ನಚಿಕೇತನ ಕಥೆಯಿಂದ ನಾವು ತತ್ವವನ್ನು ಪಡೆದಿಲ್ಲವೇ?

ಮೊದಲ ಕಂತಿನಲ್ಲಿ ಗಿಂಕೊ ಶಿನ್‌ರಾ ಎಂಬ ಹುಡುಗನಿಗೆ ಮುಶಿ ಎಂದರೇನೆಂದು ವಿವರಿಸುವ ಪ್ರಸಂಗವಿದೆ. ಅವನು ಬಳಸುವುದು ತನ್ನ ಕೈಯನ್ನೇ. ನಾಲ್ಕು ಬೆರಳು ಪ್ರಾಣಿಗಳು, ಹೆಬ್ಬೆರಳು ಸಸ್ಯಗಳು. ಮನುಷ್ಯನಿರುವುದು ನಡುಬೆರಳಿನ ತುದಿಯಲ್ಲಿ, ಎಂದರೆ ಹೃದಯಕ್ಕೆ ಎಲ್ಲರಿಗಿಂತ ದೂರದಲ್ಲಿ. ಅಂಗೈಯತ್ತ ಇಳಿದಂತೆ ಜೀವಗಳು ಸರಳವಾಗುತ್ತವೆ. ಮಣಿಕಟ್ಟಿನ ಹತ್ತಿರ ರಕ್ತನಾಳಗಳು ಒಂದಾಗುವಲ್ಲಿ ಶಿಲೀಂಧ್ರ, ಸೂಕ್ಷ್ಮಜೀವಿಗಳು ಸಿಗುತ್ತವೆ, ಅಲ್ಲಿ ಪ್ರಾಣಿ ಯಾವುದು ಸಸ್ಯ ಯಾವುದು ಎಂದು ಬಿಡಿಸುವುದೇ ಕಷ್ಟ. ಇನ್ನೂ ಮೇಲಕ್ಕೆ, ತೋಳು ದಾಟಿ ಭುಜ ದಾಟಿ ಎದೆಯ ಹತ್ತಿರ ಬಂದರೆ ಅಲ್ಲಿರುವುದು ಮುಶಿ. ಜೀವಿಗಳನ್ನು ಏಣಿಯಂತೆ ಜೋಡಿಸಿ ಮನುಷ್ಯನನ್ನು ತುತ್ತತುದಿಯಲ್ಲಿ ಕೂರಿಸುವ ಚಿತ್ರವನ್ನು ಇದು ತಲೆಕೆಳಗು ಮಾಡುತ್ತದೆ. ತುದಿಯಲ್ಲಿರುವುದು ಹೆಚ್ಚುಗಾರಿಕೆಯಲ್ಲ, ಮೂಲದಿಂದ ದೂರವಾಗಿರುವುದರ ಗುರುತು ಅಷ್ಟೇ. ಈ ಚಿತ್ರವನ್ನು ಒಪ್ಪಿದರೆ ನೋವಿನ ಪ್ರಶ್ನೆಯೂ ಬದಲಾಗುತ್ತದೆ. ಲೋಕ ನನಗಾಗಿ ಹೂಡಿದ್ದು ಎಂದು ನಂಬಿದವನಿಗೆ ಮಾತ್ರ ತನಗೆ ಬಂದ ಕಷ್ಟ ತನ್ನನ್ನೇ ಗುರಿಯಾಗಿಸಿಕೊಂಡು ಬಂದ ಹಾಗೆ ಕಾಣಬಲ್ಲದು. ಮೂರನೆಯ ಕಂತಿನಲ್ಲಿ ಹಿಮ ಕವಿದ ಹಳ್ಳಿಯೊಂದರ ಜನರ ಕಿವಿ ಕೇಳಿಸದಂತಾಗುತ್ತದೆ. ಶಬ್ದವನ್ನು ತಿಂದು ಬದುಕುವ ಮುಶಿಯೊಂದು ಬಸವನಹುಳುವಿನ ಚಿಪ್ಪಿನಂತಿರುವ ಒಳಗಿವಿಯಲ್ಲಿ ಮನೆ ಮಾಡಿದೆ. ಹಿಮ ಬಿದ್ದು ಕಾಡಿನ ಸದ್ದೆಲ್ಲ ಉಡುಗಿದ್ದಕ್ಕೆ ಅದು ಊಟ ಹುಡುಕಿಕೊಂಡು ಊರಿಗೆ ಇಳಿದಿದೆ. ಅದಕ್ಕೆ ಆ ಹಳ್ಳಿಗರ ಮೇಲೆ ಹಗೆಯಿಲ್ಲ, ಅವರು ಯಾರೆಂಬ ಅರಿವೂ ಇಲ್ಲ. ಆದರೂ ನೋವು ನಿಜ, ಕಿವುಡು ನಿಜ. ಸರಣಿಯ ಹೆಚ್ಚಿನ ಕಂತುಗಳು ಈ ಎರಡನ್ನೂ ಒಟ್ಟಿಗೆ ಹಿಡಿದು ನಿಲ್ಲುತ್ತವೆ: ಹಗೆ ಇಲ್ಲ, ಆದರೆ ಪೆಟ್ಟು ಇದೆ.

ಇದು ಜಪಾನಿನವರಿಗೆ ಸಹಜವಾದ, ಪೂರ್ವದೇಶದ ಶಾಂತ ದೃಷ್ಟಿ ಎಂದು ತಿಳಿದರೆ ತಪ್ಪಾದೀತು. ಜಪಾನಿನ ಹಳೆಯ ನಂಬಿಕೆಯೂ ತಪ್ಪಿತಸ್ಥನನ್ನು ಹುಡುಕುವುದರಲ್ಲಿ ನಮಗಿಂತ ಹಿಂದೆ ಬಿದ್ದದ್ದಲ್ಲ. ಸುಗವಾರಾ ನೊ ಮಿಚಿಜಾನೆ ಎಂಬ ವಿದ್ವಾಂಸ ಮಂತ್ರಿ ಪಿತೂರಿಗೆ ಬಲಿಯಾಗಿ ರಾಜಧಾನಿಯಿಂದ ದೂರದ ದಜಾಯ್‌ಫುಗೆ ಗಡೀಪಾರಾಗಿ 903ರಲ್ಲಿ ತೀರಿಕೊಂಡ. ಮುಂದೆ ಅರಮನೆಯವರ ಸಾವುಗಳು, 930ರಲ್ಲಿ ಅರಮನೆಗೇ ಬಡಿದ ಸಿಡಿಲು, ಎಲ್ಲಕ್ಕೂ ಅವನ ನೊಂದ ಆತ್ಮವೇ ಕಾರಣ ಎಂದು ಜನ ನಂಬಿದರು. ಸಮಾಧಾನಪಡಿಸಲು 947ರಲ್ಲಿ ಕಿತಾನೊದಲ್ಲಿ ಗುಡಿ ಎದ್ದಿತು. ಇಂದು ಅವನು ವಿದ್ಯೆಯ ದೇವರಾಗಿ ವಿದ್ಯಾರ್ಥಿಗಳಿಂದ ಪೂಜೆ ಪಡೆಯುತ್ತಿದ್ದಾನೆ. ರೋಗದ ವಿಷಯಕ್ಕೂ ಇದೇ ಮಾತು. 1568ರಲ್ಲಿ ಬರೆದ ‘ಹರಿಕಿಕಿಗಕಿ’ ಎಂಬ ಸೂಜಿ ಚಿಕಿತ್ಸೆಯ ಗ್ರಂಥದಲ್ಲಿ ಹೊಟ್ಟೆಯಲ್ಲಿ ಸೇರಿಕೊಂಡು ಕಾಯಿಲೆ ತರುವ 63 ಹುಳುಗಳ ಬಣ್ಣದ ಚಿತ್ರಗಳಿವೆ. ಒಂದೊಂದಕ್ಕೂ ಒಂದೊಂದು ಮುಖ, ಒಂದೊಂದು ಸ್ವಭಾವ. ಉರುಶಿಬಾರಾ ಇದೇ ಬಗೆಯ ಜನಪದ ಕಲ್ಪನೆಯಿಂದ ಮುಶಿಗಳನ್ನು ಎತ್ತಿಕೊಂಡು, ಅವುಗಳಿಂದ ಸ್ವಭಾವವನ್ನೂ ಸಿಟ್ಟನ್ನೂ ಕಳಚಿಹಾಕಿದ್ದಾರೆ. ಶಾಪ ಕೊಡುವ ಆತ್ಮವನ್ನು ಬದುಕಲು ಹೊರಟ ಜೀವವಾಗಿ ಮಾಡಿದ್ದಾರೆ. ಈ ಕಳಚುವಿಕೆ ಒಬ್ಬ ಲೇಖಕಿ ತನ್ನ ಪರಂಪರೆಯ ಜೊತೆ ನಡೆಸಿದ ವಾಗ್ವಾದ ಎಂದೇ ನಾನು ಓದುತ್ತೇನೆ.

ನಾವು ಹುಡುಕುವ ತಪ್ಪಿತಸ್ಥ ಎಲ್ಲಿ ಸಿಗುತ್ತಾನೆ ಎಂಬುದನ್ನು ನೋಡಿದರೆ ಈ ವಾಗ್ವಾದದ ಅಗತ್ಯ ತಿಳಿಯುತ್ತದೆ. ಅವನು ಯಾವಾಗಲೂ ಕೈಗೆ ಸುಲಭವಾಗಿ ಸಿಗುವ ಕಡೆಯೇ ಸಿಗುತ್ತಾನೆ. ಕಾಲ್ಗುಣ ಎಂಬ ಮಾತು ಮಾವನ ಮೇಲೆ ಬಿದ್ದದ್ದುಂಟೇ? ಅದು ಬೀಳುವುದು ತವರು ಬಿಟ್ಟು ಬಂದು ಇನ್ನೂ ಬಾಯಿ ಬಿಡಲಾಗದ ಹುಡುಗಿಯ ಮೇಲೆ. ಗಂಡ ಸತ್ತರೆ ಹೆಂಡತಿಯ ಹಣೆಬರಹ, ಮಗು ಕುರುಡಾಗಿ ಹುಟ್ಟಿದರೆ ಮಗುವಿನದೇ ಹಿಂದಿನ ಜನ್ಮ. ದೊಡ್ಡವರ ಒಳ್ಳೆಯ ಉದ್ದೇಶ ಕೂಡ ಈ ಜಾರಿಕೆಯಿಂದ ತಪ್ಪಿಸಿಕೊಂಡಿಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಗಾಂಧೀಜಿ ಅದನ್ನು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಅಸ್ಪೃಶ್ಯತೆಯ ವಿರುದ್ಧ ಆಗ ಊರೂರು ಅಲೆಯುತ್ತಿದ್ದವರು ಅವರೇ, ಅವರ ಕಾಳಜಿಯಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಆದರೂ ರವೀಂದ್ರನಾಥ ಟ್ಯಾಗೋರ್ ಸುಮ್ಮನಿರಲಿಲ್ಲ. ಅಸ್ಪೃಶ್ಯತೆಯನ್ನು ಅಷ್ಟೇ ಕಟುವಾಗಿ ವಿರೋಧಿಸುತ್ತಿದ್ದ ಟ್ಯಾಗೋರರು, ನೆಲ ನಡುಗುವುದಕ್ಕೆ ನೆಲದೊಳಗಿನ ಕಾರಣಗಳಷ್ಟೇ ಇರಬಲ್ಲವು, ನೀತಿಯ ನಿಯಮವನ್ನು ಭೌತಿಕ ಘಟನೆಗೆ ಗಂಟುಹಾಕಬಾರದು ಎಂದು ಬಹಿರಂಗವಾಗಿ ಉತ್ತರಿಸಿದರು. ಈ ವಿವಾದದಲ್ಲಿ ನಾನು ಸಂಪೂರ್ಣವಾಗಿ ಟ್ಯಾಗೋರರ ಕಡೆ. ಕುಸಿದ ಮನೆಗಳಡಿ ಸತ್ತವರಲ್ಲಿ ಅಸ್ಪೃಶ್ಯರೂ ಇದ್ದರು, ತೊಟ್ಟಿಲ ಕೂಸುಗಳೂ ಇದ್ದವು. ಸವರ್ಣೀಯರ ಪಾಪಕ್ಕೆ ಅವರೂ ಸಾಯಬೇಕಾದರೆ ಆ ನ್ಯಾಯವನ್ನು ನ್ಯಾಯವೆನ್ನಲು ಬಾಯಿ ಬರುವುದಿಲ್ಲ. ಅಸ್ಪೃಶ್ಯತೆ ಭೂಕಂಪವಾಗದಿದ್ದರೂ ಹೇಯವೇ. ಅದನ್ನು ತೊಡೆಯಲು ಭೂಕಂಪದ ಸಾಕ್ಷಿ ಬೇಕಾಗಿಲ್ಲ, ಆ ಸಾಕ್ಷಿಯನ್ನು ನೆಚ್ಚಿಕೊಂಡರೆ ನೆಲ ನಡುಗದ ವರ್ಷಗಳಲ್ಲಿ ವಾದವೇ ಬಡವಾಗುತ್ತದೆ.

ಇಲ್ಲಿ ಏಳುವ ಮೊದಲ ಆಕ್ಷೇಪ ಗಂಭೀರವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕರ್ಮಸಿದ್ಧಾಂತ ನೊಂದವರಿಗೆ ಒಂದು ನೆಲೆ ಕೊಟ್ಟಿದೆ. ನನ್ನ ದುಃಖ ಅರ್ಥವಿಲ್ಲದ್ದಲ್ಲ, ಯಾವುದೋ ಋಣ ತೀರುತ್ತಿದೆ, ಇಂದು ಒಳ್ಳೆಯದು ಮಾಡಿದರೆ ನಾಳೆ ಒಳ್ಳೆಯದಾಗುತ್ತದೆ ಎಂಬ ಭರವಸೆಯ ಮೇಲೆ ಕೋಟ್ಯಂತರ ಜನ ಸಾವಿರಾರು ವರ್ಷ ಬದುಕಿದ್ದಾರೆ. ಅದನ್ನು ಕಿತ್ತುಕೊಂಡು ‘ಸುಮ್ಮನೆ ಆಯಿತು’ ಎಂದರೆ ಯಾವ ತಾಯಿಯ ಎದೆಗೆ ತಂಪಾದೀತು? ಆಕ್ಷೇಪದ ಬಲವನ್ನು ಒಪ್ಪುತ್ತಲೇ ಎರಡು ಮಾತು ಹೇಳಬೇಕು. ಒಂದು, ಈ ಸಾಂತ್ವನಕ್ಕೆ ತೆರಬೇಕಾದ ಬೆಲೆ ದೊಡ್ಡದು. ಮಗುವಿನ ನೋವಿಗೆ ಅರ್ಥ ಸಿಗುವುದು ಮಗುವನ್ನೇ ಅಪರಾಧಿಯಾಗಿಸಿದ ಮೇಲೆ. ಇನ್ನೊಂದು, ಎಲ್ಲ ನೋವನ್ನೂ ಕರ್ಮಕ್ಕೆ ಒಪ್ಪಿಸುವುದು ಕರ್ಮವನ್ನು ಆಳವಾಗಿ ನಂಬಿದವರ ಮತವೂ ಆಗಿರಲಿಲ್ಲ. ರಾಜಗೃಹದ ವೇಣುವನದಲ್ಲಿ ಮೋಲಿಯ ಸೀವಕ ಎಂಬ ಪರಿವ್ರಾಜಕ, ಅವನೂ ಅಲೆಮಾರಿಯೇ, ಬುದ್ಧನ ಬಳಿ ಬಂದು ಇದನ್ನೇ ಕೇಳುತ್ತಾನೆ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೆಂದು ಕೆಲವರು ಹೇಳುತ್ತಾರಲ್ಲ, ನಿಮ್ಮ ಮಾತೇನು ಎಂದು. ಬುದ್ಧ ಕೊಡುವ ಉತ್ತರದಲ್ಲಿ ಎಂಟು ಕಾರಣಗಳಿವೆ. ಪಿತ್ತ, ಕಫ, ವಾತ, ಇವು ಮೂರೂ ಕೂಡಿ ಕೆಡುವುದು, ಋತು ಬದಲಾಗುವುದು, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಆಘಾತ, ಮತ್ತು ಎಂಟನೆಯದಾಗಿ ಕರ್ಮ. ಎಲ್ಲವೂ ಕರ್ಮದಿಂದಲೇ ಎನ್ನುವವರು ತಮಗೇ ಗೊತ್ತಿರುವುದನ್ನೂ ಲೋಕ ನಿಜವೆಂದು ಕಂಡದ್ದನ್ನೂ ಮೀರಿ ಮಾತಾಡುತ್ತಾರೆ ಎಂದು ಅವನು ನೇರವಾಗಿ ಹೇಳುತ್ತಾನೆ. ಸಂಯುತ್ತನಿಕಾಯದ ಈ ಪುಟ್ಟ ಸುತ್ತ ನಮ್ಮಲ್ಲಿ ಇನ್ನಷ್ಟು ಚರ್ಚೆಗೆ ಬರಬೇಕಿತ್ತು. ನೆಗಡಿಗೆ ನೆಗಡಿಯ ಕಾರಣ ಸಾಕು ಎನ್ನುವ ಧೈರ್ಯ ಅದರಲ್ಲಿದೆ.

ನಮ್ಮ ಜನಪದವೂ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿತ್ತು ಎಂಬುದನ್ನು ಮರೆಯಬಾರದು. ಸಿಡುಬು ಬಂದವರನ್ನು ನಮ್ಮ ಹಿರಿಯರು ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಸಾಕಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದ ಮೇಲೆ ಪ್ಲೇಗಮ್ಮನ ಗುಡಿಗಳು ಎದ್ದವು. ಅಲ್ಲಿ ರೋಗಕ್ಕೆ ಹೆಸರಿದೆ, ಹರಕೆಯಿದೆ, ಭಯವಿದೆ. ಆದರೆ ಮಲಗಿದ ರೋಗಿಯನ್ನು ಪಾಪಿಯೆಂದು ದೂರುವ ಬದಲು ಅವನ ಮೈಯಲ್ಲೇ ದೇವಿ ಬಂದಿದ್ದಾಳೆಂದು ಕೈಮುಗಿಯುವ ಒಂದು ಮರ್ಯಾದೆಯೂ ಇದೆ. ಗಿಂಕೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅವನ ಲೋಕದಲ್ಲಿ ಮುನಿಸಿಕೊಳ್ಳುವ ಅಮ್ಮನೂ ಇಲ್ಲ.

ಎರಡನೆಯ ಆಕ್ಷೇಪ ನ್ಯಾಯದ್ದು. ನೋವಿಗೆಲ್ಲ ಯಾರೂ ಹೊಣೆಯಲ್ಲ ಎಂದುಬಿಟ್ಟರೆ ನಿಜವಾಗಿಯೂ ನೋವು ಕೊಟ್ಟವರು ನುಣುಚಿಕೊಳ್ಳುವುದಿಲ್ಲವೇ? ಬರಗಾಲ ಪ್ರಕೃತಿಯದಿರಬಹುದು, ಕಣಜದಲ್ಲಿ ಕಾಳಿದ್ದೂ ಹಸಿದವರಿಗೆ ಸಿಗದಿರುವುದು ಪ್ರಕೃತಿಯದಲ್ಲ. ಹೌದು. ಇದನ್ನು ಸರಣಿ ಚೆನ್ನಾಗಿ ಬಲ್ಲದು ಎಂಬುದಕ್ಕೆ ಒಂಬತ್ತನೆಯ ಕಂತು ಸಾಕ್ಷಿ, ಇಡೀ ಸರಣಿಯಲ್ಲಿ ತತ್ವದ ದೃಷ್ಟಿಯಿಂದ ಅತ್ಯಂತ ಗಟ್ಟಿಯಾದ ಕಂತು ಅದೇ ಎಂದು ನನ್ನೆಣಿಕೆ. ಸುತ್ತಲ ಹಳ್ಳಿಗಳಲ್ಲಿ ಬೆಳೆ ಒಣಗಿದ ವರ್ಷ ಒಂದು ಹಳ್ಳಿಯಲ್ಲಿ ಮಾತ್ರ ಭತ್ತ ತೊನೆಯುತ್ತದೆ. ಹಾಗೆ ಬಂದ ಸುಗ್ಗಿಗೆ ಅಲ್ಲಿಯವರು ಅಗಲಿಕೆಯ ಬೆಳೆ ಎನ್ನುತ್ತಾರೆ, ಏಕೆಂದರೆ ಆ ವರ್ಷ ಊರಲ್ಲಿ ಒಬ್ಬರ ಬಾಯಲ್ಲಿ ಹೆಚ್ಚಿನ ಹಲ್ಲೊಂದು ಮೂಡುತ್ತದೆ, ಬೆಳೆ ಕೊಯ್ಲಿಗೆ ಬರುವಾಗ ಅವರು ಸಾಯುತ್ತಾರೆ. ಮಣ್ಣಿನಲ್ಲಿ ಹೂತ ಒಂದು ಬೀಜ ಈ ಎರಡನ್ನೂ ಒಟ್ಟಿಗೆ ಮಾಡುತ್ತದೆ, ನೆಲಕ್ಕೆ ಕಸುವು ಕೊಡುತ್ತದೆ, ಒಂದು ಜೀವ ತೆಗೆದುಕೊಳ್ಳುತ್ತದೆ. ಹೂತವನು ಊರಿನ ಅರ್ಚಕ. ಹಿಂದೊಮ್ಮೆ ಬರದಲ್ಲಿ ಹೂತಾಗ ಸತ್ತದ್ದು ಅವನ ಹೆಂಡತಿ. ಈ ಸಲ ಹಲ್ಲು ಮೂಡಿರುವುದು ಅವನ ಬಾಯಲ್ಲೇ. ಗಿಂಕೊ ಅಲ್ಲಿ ಬೀಜವನ್ನು ದೂರುವುದಿಲ್ಲ, ಅದು ಬೀಜದ ಕೆಲಸವನ್ನಷ್ಟೇ ಮಾಡಿದೆ. ಆದರೆ ಅರ್ಚಕನನ್ನು ಅವನು ಹಾಗೇ ಬಿಡುವುದೂ ಇಲ್ಲ. ಗೊತ್ತಿದ್ದೂ ಹೂತೆಯಾ, ಯಾರು ಸಾಯುತ್ತಾರೆಂದು ಲೆಕ್ಕ ಹಾಕಿದೆಯಾ ಎಂಬ ಪ್ರಶ್ನೆ ಇಬ್ಬರ ನಡುವಿನ ಪ್ರತಿ ಮಾತಿನಲ್ಲೂ ನಿಂತಿರುತ್ತದೆ. ಶಾಪ, ಪಾಪ, ದೇವರ ಕೋಪ ಎಂಬ ಮಂಜು ಸರಿದದ್ದರಿಂದಲೇ ಒಬ್ಬ ಮನುಷ್ಯನ ತೀರ್ಮಾನ ಅಷ್ಟು ಸ್ಪಷ್ಟವಾಗಿ ಕಾಣುತ್ತದೆ. ಇಡೀ ಊರಿನ ಹಸಿವಿಗೆ ಎದುರಾಗಿ ಒಂದು ಜೀವ ಎಂಬ ಆ ತೀರ್ಮಾನ ಸರಿಯೋ ತಪ್ಪೋ ಎಂದು ಕೂಡಲೇ ಹೇಳಿಬಿಡುವುದು ಯಾರಿಗೂ ಸುಲಭವಲ್ಲ, ಆದರೆ ಅದು ಅವನದು ಎಂಬುದರಲ್ಲಿ ಅನುಮಾನವಿಲ್ಲ. ಬಿಹಾರದ ವಿಷಯಕ್ಕೂ ಇದೇ ಅನ್ವಯ. ಭೂಕಂಪವನ್ನು ಅಸ್ಪೃಶ್ಯತೆಯಿಂದ ಬಿಡಿಸಿದಾಗ ಅಸ್ಪೃಶ್ಯತೆಯ ಅಪರಾಧ ಕಡಿಮೆಯಾಗಲಿಲ್ಲ, ದೇವರ ಮರೆಯಿಂದ ಹೊರಬಂದು ಬರಿ ಮನುಷ್ಯರದಾಗಿ ನಿಂತಿತು.

ಹೊಣೆಯ ಮಾತು ಬಂದಾಗ ಗಿಂಕೊನ ಅಲೆದಾಟವನ್ನೇ ನೋಡಬೇಕು, ಏಕೆಂದರೆ ಅದು ನಾವು ಬಲ್ಲ ಅಲೆಮಾರಿ ಸಂತರ ಅಲೆದಾಟವಲ್ಲ. ಮಳೆಗಾಲ ಬಿಟ್ಟು ಉಳಿದ ಎಂಟು ತಿಂಗಳು ಮಹಾವೀರ ಹಳ್ಳಿಯಲ್ಲಿ ಒಂದು ರಾತ್ರಿ, ಪಟ್ಟಣದಲ್ಲಿ ಐದು ರಾತ್ರಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ ಎಂದು ಕಲ್ಪಸೂತ್ರ ಹೇಳುತ್ತದೆ. 13ನೆಯ ಶತಮಾನದಲ್ಲಿ ಇಪ್ಪೆನ್ ಎಂಬ ಜಪಾನಿನ ಬೌದ್ಧ ಸಾಧು ಮನೆಮಠ ಬಿಟ್ಟು ಅಮಿದ ಬುದ್ಧನ ನಾಮ ಹಂಚುತ್ತ ನಾಡೆಲ್ಲ ನಡೆದು ನಡೆಯುತ್ತಲೇ ಮುಗಿದ. ಇವರು ನಿಲ್ಲದಿದ್ದುದು ಮೋಹ ಅಂಟಬಾರದೆಂದು. ಗಿಂಕೊನ ಕಾರಣ ಬೇರೆ. ಅವನ ಮೈಯೇ ಮುಶಿಗಳನ್ನು ಸೆಳೆಯುತ್ತದೆ. ಎಲ್ಲಾದರೂ ಹೆಚ್ಚು ಕಾಲ ನಿಂತರೆ ಆ ಜಾಗ ಮುಶಿಗಳ ಗೂಡಾಗಿ ಅಲ್ಲಿಯವರಿಗೆ ಕೇಡು. ಇದು ಅವನು ಆಯ್ದುಕೊಂಡದ್ದಲ್ಲ, ಅವನ ತಪ್ಪೂ ಅಲ್ಲ. 12ನೆಯ ಕಂತಿನಲ್ಲಿ ಅವನ ಬಾಲ್ಯ ಬರುತ್ತದೆ. ಊರೂರು ತಿರುಗಿ ಮಾರಾಟ ಮಾಡುತ್ತಿದ್ದ ತಾಯಿ ಗುಡ್ಡ ಕುಸಿದು ಸತ್ತಾಗ ಉಳಿದ ಹುಡುಗ ಯೋಕಿ. ಕೊಳವೊಂದರ ದಂಡೆಯಲ್ಲಿ ಒಂಟಿಯಾಗಿರುವ ನುಯಿ ಎಂಬಾಕೆ ಅವನಿಗೆ ಆಸರೆ ಕೊಡುತ್ತಾಳೆ. ತನ್ನವರನ್ನು ಅಲ್ಲೇ ಕಳೆದುಕೊಂಡವಳು ಅವಳು, ಹಾಗಿದ್ದೂ ಹುಡುಗನಿಗೆ ಕಲಿಸುವುದು ಭಯಕ್ಕೂ ಸಿಟ್ಟಿಗೂ ಕಣ್ಣು ಕೊಡಬೇಡ, ಎಲ್ಲವೂ ತನ್ನ ತನ್ನ ರೀತಿಯಲ್ಲಿ ಇರಲು ಹೆಣಗುತ್ತಿವೆ ಎಂಬ ಅರ್ಥದ ಮಾತನ್ನು. ಕೊನೆಗೆ ಆ ಕೊಳದಲ್ಲಿ ನೆಲೆಸಿದ ಕತ್ತಲಿನಂಥ ಮುಶಿ ಅವಳನ್ನೂ ನುಂಗುತ್ತದೆ. ಹುಡುಗ ಒಂದು ಕಣ್ಣು, ಕೂದಲಿನ ಬಣ್ಣ, ತನ್ನ ಹೆಸರು, ನೆನಪು ಎಲ್ಲ ಕಳೆದುಕೊಂಡು ಗಿಂಕೊ ಆಗಿ ಹೊರಬರುತ್ತಾನೆ. ಅಲ್ಲಿಂದ ಮುಂದೆ ಅವನು ಎಲ್ಲಿಯೂ ಬೇರೂರುವುದಿಲ್ಲ. ತಾನು ಮಾಡದ ತಪ್ಪಿನ ಪರಿಣಾಮವನ್ನು ಬೇರೆಯವರ ಮೇಲೆ ಬೀಳದಂತೆ ತಾನೇ ಹೊತ್ತು ನಡೆಯುವುದು ಎಂದರೆ ಇದು. ಅಪರಾಧಭಾವವಿಲ್ಲದ ಹೊಣೆ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ತಿಳಿಯದು. ನಮ್ಮ ನೀತಿಬೋಧೆಯಲ್ಲಿ ಹೊಣೆಯನ್ನು ಯಾವಾಗಲೂ ತಪ್ಪಿನ ಬೆನ್ನಿಗೆ ಕಟ್ಟುತ್ತೇವೆ. ‘ನಾನೇನು ಮಾಡಿದೆ’ ಎಂದು ಕೈತೊಳೆದುಕೊಳ್ಳಲು ದಾರಿಯಾಗುವುದೂ ಅದೇ ಗಂಟಿನಿಂದ. ಪ್ಲೇಗ್ ಹೊತ್ತಿದ್ದವನು ತಾನಾಗಿ ಅದನ್ನು ತಂದುಕೊಂಡಿರಲಿಲ್ಲ, ಆದರೂ ಇನ್ನೊಬ್ಬರಿಗೆ ಹಬ್ಬದಂತೆ ನೋಡಿಕೊಳ್ಳುವುದು ಅವನಿಗೆ ಬಿಟ್ಟದ್ದಾಗಿತ್ತು.

ಅಲೆಮಾರಿಯ ಬಗ್ಗೆ ಇನ್ನೊಂದು ಆಕ್ಷೇಪವಿದೆ, ಸಂಸಾರಸ್ಥರು ಎತ್ತಬೇಕಾದ್ದು. ಬಂದು, ನೋಡಿ, ಸತ್ಯ ಹೇಳಿ, ಎದ್ದು ಹೋಗುವವನಿಗೆ ಸಮಚಿತ್ತ ಸುಲಭ. ಉಳಿದವರು ಕಿವುಡು ಮಗುವನ್ನು ಸಾಕಬೇಕು, ಬೆಳೆ ಹೋದ ಗದ್ದೆಯನ್ನು ಮತ್ತೆ ಉಳಬೇಕು. ಈ ಆಕ್ಷೇಪ ಗಿಂಕೊನನ್ನು ನೋಯಿಸುತ್ತದೆ ಎಂದೇ ಸರಣಿ ತೋರಿಸುತ್ತದೆ. ನಾಲ್ಕನೆಯ ಕಂತಿನ ಜಿನ್ ಕಂಡ ಕನಸುಗಳು ನಿಜವಾಗುತ್ತವೆ. ಗಿಂಕೊ ಔಷಧಿ ಕೊಟ್ಟು, ಎಚ್ಚರಿಕೆ ಹೇಳಿ ಮುಂದಿನ ಊರಿಗೆ ಹೋಗುತ್ತಾನೆ. ತಿರುಗಿ ಬರುವಷ್ಟರಲ್ಲಿ ಜಿನ್‌ನ ಮನೆಯವರೂ ಇಲ್ಲ, ಊರೂ ಇಲ್ಲ. ಮುಶಿಗಳು ಅವನ ದಿಂಬಿನಲ್ಲಿ ನೆಲೆಸಿವೆಯೆಂದು ತಿಳಿದಾಗ ಜಿನ್ ದಿಂಬನ್ನು ಕತ್ತಿಯಿಂದ ಸೀಳುತ್ತಾನೆ, ರಕ್ತ ಚಿಮ್ಮುವುದು ಅವನ ಮೈಯಿಂದಲೇ. ಹೊರಗಿನವನಾಗಿ ಗಿಂಕೊ ಅಲ್ಲಿ ನಿಂತಿದ್ದಾನೆ, ಅವನ ತಿಳಿವಳಿಕೆ ಸಾಕಾಗಿಲ್ಲ. ಅಲೆಮಾರಿಯ ಜ್ಞಾನಕ್ಕೆ ಈ ಕೊರತೆ ಅಂಟಿಯೇ ಇದೆ ಎಂದು ಒಪ್ಪಬೇಕು. ಆದರೆ ಹೋದವನು ತಿರುಗಿ ಬಂದ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜಪಾನಿನ ತೊಯಾಮಾ ಪ್ರಾಂತದ ಔಷಧಿ ಮಾರುವವರು ಗಿಂಕೊನಂಥದೇ ಹೊರೆ ಬೆನ್ನಿಗೇರಿಸಿ ಊರೂರು ತಿರುಗುತ್ತಿದ್ದರು. ಮನೆಮನೆಯಲ್ಲಿ ಔಷಧಿ ಇಟ್ಟು ಹೋಗಿ, ಮುಂದಿನ ಸಲ ಬಂದಾಗ ಬಳಸಿದ್ದಕ್ಕೆ ಮಾತ್ರ ಹಣ ಪಡೆಯುವುದು ಅವರ ಪದ್ಧತಿ. ತಿರುಗಿ ಬರುತ್ತೇನೆಂಬ ಮಾತಿನ ಮೇಲೆ ನಿಂತ ವ್ಯಾಪಾರ ಅದು. ಅಲೆದಾಟಕ್ಕೆ ಇನ್ನೊಂದು ಗುಣವೂ ಇದೆ. ಒಂದೇ ಹಳ್ಳಿಯಲ್ಲಿ ಹುಟ್ಟಿ ಸಾಯುವವರಿಗೆ ತಮ್ಮ ಬಾಧೆ ತಮಗೊಬ್ಬರಿಗೇ ಬಂದದ್ದೆಂದು ಕಾಣುತ್ತದೆ, ಹಾಗೆ ಕಂಡಾಗಲೇ ‘ನಮ್ಮ ಮನೆಯಲ್ಲಿ ಏನು ದೋಷ’ ಎಂಬ ಪ್ರಶ್ನೆ ಹುಟ್ಟುವುದು. ಹತ್ತು ಊರು ಕಂಡವನು ಇದೇ ಕಾಯಿಲೆಯನ್ನು ಬೆಟ್ಟದಾಚೆಯೂ ಕಂಡಿದ್ದಾನೆ. ‘ನಿಮ್ಮೊಬ್ಬರಿಗೇ ಅಲ್ಲ’ ಎಂದು ಹೇಳಲು ಅಲೆದವನೇ ಬೇಕು, ಈ ಸಾಂತ್ವನ ಯಾರನ್ನೂ ಅಪರಾಧಿಯಾಗಿಸುವುದಿಲ್ಲ.

ಹೀಗೆ ತಿಳಿವಳಿಕೆ ತಂದವನಿಗೆ ಗುಣಪಡಿಸುವ ಹಕ್ಕೂ ಬರುತ್ತದೆಯೇ? ಆರನೆಯ ಕಂತು ಇಲ್ಲಿ ನಮ್ಮನ್ನು ತಡೆಯುತ್ತದೆ. ದ್ವೀಪವೊಂದರಲ್ಲಿ ಅಕೋಯಾ ಎಂಬ ಹುಡುಗಿಯನ್ನು ಜೀವಂತ ದೇವತೆಯೆಂದು ಪೂಜಿಸುತ್ತಾರೆ. ಅವಳು ಪ್ರತಿ ಸಂಜೆ ಮುಪ್ಪಾಗಿ ಸತ್ತು ಪ್ರತಿ ಬೆಳಗ್ಗೆ ಹುಟ್ಟುತ್ತಾಳೆ. ಒಂದು ದಿನ ಮಾತ್ರ ಆಯುಷ್ಯವಿರುವ ಮುಶಿ ಅವಳ ಮೂಗಿನೊಳಗಿದ್ದು ತನ್ನ ಕಾಲವನ್ನು ಅವಳ ಮೈಗೂ ಹೊಂದಿಸಿದೆ. ಅದನ್ನು ಪವಾಡವಾಗಿ ಮಾರಿದವನು ಅವಳ ತಂದೆ, ಆ ಮೋಸ ಮನುಷ್ಯರದೇ. ಗಿಂಕೊ ಮುಶಿಯನ್ನು ಬಿಡಿಸುತ್ತಾನೆ. ಆದರೆ ಮನುಷ್ಯರ ಕಾಲಕ್ಕೆ ಮರಳಿದ ಅಕೋಯಾಳಿಗೆ ಮುಗಿಯದ ನಾಳೆಗಳ ಸಾಲು ತಾಳಲಾರದ ಭಯವಾಗುತ್ತದೆ. ಪ್ರತಿ ಕ್ಷಣವೂ ಹೊಸದಾಗಿದ್ದ ಆ ಒಂದು ದಿನದ ಬದುಕಿಗೇ ಅವಳು ತಾನಾಗಿ ಹಿಂತಿರುಗುತ್ತಾಳೆ. ಯಾವುದು ಬಾಧೆ, ಯಾವುದು ಬದುಕು ಎಂಬುದನ್ನು ಅವಳ ಪರವಾಗಿ ಇನ್ನೊಬ್ಬರು ನಿಶ್ಚಯಿಸಿಬಿಟ್ಟಿದ್ದರು, ತಂದೆ ಒಂದು ರೀತಿಯಲ್ಲಿ, ಒಳ್ಳೆಯ ಮನಸ್ಸಿನ ವೈದ್ಯ ಇನ್ನೊಂದು ರೀತಿಯಲ್ಲಿ. ನನಗೆ ಅವಳ ಆಯ್ಕೆ ಇಂದಿಗೂ ಒಪ್ಪಿತವಾಗಿಲ್ಲ. ಅದನ್ನು ತಪ್ಪೆನ್ನುವ ಸಿದ್ಧ ವಾದವೂ ನನ್ನಲ್ಲಿಲ್ಲ.

ಕಡೆಯ ಆಕ್ಷೇಪ ಒಂದು ಉಳಿದಿದೆ. ಮುಶಿಗಳಿಗೆ ಹಗೆಯಿಲ್ಲ ಎಂದಮೇಲೆ ಅವನ್ನು ಕೊಲ್ಲುವುದು ತಪ್ಪಾಗಬೇಕು, ಕೊಲ್ಲದೆ ಬಿಟ್ಟರೆ ಮನುಷ್ಯರು ಸಾಯಬೇಕು. 20ನೆಯ ಕಂತಿನ ತಾನ್ಯು ಈ ಇಕ್ಕಟ್ಟನ್ನು ಮೈಯಲ್ಲೇ ಹೊತ್ತವಳು. ಉಳಿದೆಲ್ಲ ಜೀವವನ್ನೂ ಅಳಿಸಬಲ್ಲ ಒಂದು ಮುಶಿಯನ್ನು ಅವಳ ವಂಶದ ಹಿರಿಯಳೊಬ್ಬಳು ತನ್ನ ದೇಹದಲ್ಲಿ ಬಂಧಿಸಿದ್ದಳು. ಕೆಲವು ತಲೆಮಾರಿಗೊಮ್ಮೆ ಕರಿಯ ಕಲೆಯೊಂದಿಗೆ ಹುಟ್ಟುವ ಮಗು ಆ ಬಂಧನದ ವಾರಸುದಾರಳು. ತಾನ್ಯುವಿನ ಬಲಗಾಲು ಕಪ್ಪಾಗಿದೆ, ಅವಳು ನಡೆಯಲಾರಳು. ಮುಶಿಗಳನ್ನು ಕೊಂದ ಕಥೆಗಳನ್ನು ಅಲೆಮಾರಿಗಳಿಂದ ಕೇಳಿ ಅವಳು ಬರೆಯುವಾಗ ಕಾಲಿನ ಕಪ್ಪು ಅಕ್ಷರಗಳಾಗಿ ಚರ್ಮದಡಿಯಲ್ಲಿ ಸಾಗಿ ಕೈಯ ಮೂಲಕ ಕಾಗದಕ್ಕಿಳಿಯುತ್ತದೆ, ವಿಪರೀತ ನೋವಿನೊಂದಿಗೆ. ಮೊದಲ ನೋಟಕ್ಕೆ ಇದು ನಮ್ಮ ಪಿತೃದೋಷದಂತೆಯೇ ಇದೆ. ಹಿರಿಯರು ಮಾಡಿದ್ದು, ಕಿರಿಯರು ಉಣ್ಣುವುದು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಹಿರಿಯಳು ಮಾಡಿದ್ದು ಪಾಪವಲ್ಲ, ಎಲ್ಲರನ್ನೂ ಉಳಿಸಿದ ಕೆಲಸ. ತಾನ್ಯುವಿಗೆ ಬಂದಿರುವುದು ಮುಗಿಯದೆ ಉಳಿದ ಅದೇ ಕೆಲಸ. ನೋವಿನ ಪ್ರಮಾಣ ಎರಡರಲ್ಲೂ ಒಂದೇ ಇರಬಹುದು. ದೋಷ ಎಂದುಕೊಂಡಿದ್ದರೆ ಅವಳು ಪರಿಹಾರ ಹುಡುಕುತ್ತ, ಯಾರನ್ನೋ ಶಪಿಸುತ್ತ ಕಾಲ ಕಳೆಯಬೇಕಿತ್ತು. ಕೆಲಸ ಎಂದುಕೊಂಡದ್ದರಿಂದ ಅವಳಿಗೆ ಅದರೊಳಗೇ ಒಂದು ಅಭಿರುಚಿ ಹುಟ್ಟಿತು. ಕೊಂದ ಕಥೆಗಳಿಂದ ಅವಳಿಗೆ ಬೇಸರ ಬಂದುಬಿಟ್ಟಿದೆ, ಗಿಂಕೊ ಬಂದಾಗ ಅವಳಿಗೆ ಕೇಳಬೇಕೆನಿಸುವುದು ಮುಶಿಯನ್ನು ಕೊಲ್ಲದೆ ಇಬ್ಬರೂ ಉಳಿದ ಕಥೆಗಳನ್ನು. ಬಂಧನಕ್ಕೆ ಬೇಕಾದದ್ದು ಮೊದಲ ಬಗೆಯವು, ಅವಳಿಗೆ ಬೇಕಾದದ್ದು ಎರಡನೆಯ ಬಗೆಯವು. ಎರಡನ್ನೂ ಬರೆಯುವುದನ್ನು ಅವಳು ನಿಲ್ಲಿಸುವುದಿಲ್ಲ.